ಖಣಿಯಾಗ ತೋಳ ಮರಿ ಹಾಕ್ಯದ, ಏನ್ ಮಾಡೋಣ್ರಿ?

ಪ್ರಶ್ನೆ: "ಸರ್, ನಮ್ಮದು ಚಿತ್ತಾಪುರ ತಾಲೂಕಿನ ಸಣ್ಣ ಊರು. ನಾಕು ಎಕರೆ ತೊಗರಿ, ಅರವತ್ತು ಕುರಿ ಅವ. ಹೊಲದ ಬಾಜೂಕ ಬಂದ್ ಬಿದ್ದಿರೋ ಫರಸಿ ಖಣಿ ಅದ. ತೊಗರಿ ರಾಶಿ ಆದಮ್ಯಾಲ ಅಲ್ಲಿ ಕಲ್ಲಿನ ಗುಡ್ಡಿ ಸಂದ್ಯಾಗ ಬೆಕ್ಕಿನಷ್ಟು ನಾಕೈದು ಮರಿ ಆಡೋದು ಕಂಡೆ. ತಾಯಿ ನೋಡಾಕ ನಾಯಿ ಹಂಗೇ, ಆದ್ರ ನಾಯಿ ಅಲ್ಲ. ಹದಿನೈದು ದಿನದಾಗ ಎರಡು ಕುರಿಮರಿ ಹೋದವು. ಮೊನ್ನೆ ಒಂದು ದೊಡ್ಡ ಕುರಿ ಹೊಟ್ಟಿ ಹರದು ಬಿದ್ದಿತ್ತು. ಊರ ಹುಡುಗರು ಹೊಗಿ ಹಾಕಿ ಬಿಲ ಮುಚ್ತೀವಿ ಅಂತಾರ. ನಮ್ಮತ್ತಿ, ಮರಿ ಮುಟ್ಟಿದ್ರ ತಾಯಿ ತೋಳ ವಾಸನಿ ಹಿಡ್ಕೊಂಡು ಮನಿಗೇ ಬರ್ತದ ಅಂತಾರ. ನನ್ನ ಮಗಳಿಗೆ ಏಳು ವರ್ಷ, ಸಾಲಿಗೆ ಖಣಿ ದಾರೀಲೇ ಹೋಗ್ತಾಳ. ಬಹ್ರೈಚ್ ಸುದ್ದಿ ನೋಡಿದಾಗಿಂದ ನನಗ ನಿದ್ದಿ ಇಲ್ಲ. ನಮ್ಮ ಮೈದುನ ಒಂದು ಮರಿ ತಂದು ಸಾಕೋಣು, ಹಿಂಡು ಕಾಯ್ತದ ಅಂತಾನ. ಏನ್ ಮಾಡ್ಲಿ? ಹೆಜ್ಜಿ ಫೋಟೊ ಕಳಿಸೀನಿ."

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಎರಡು ಭಯ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಮಗಳದು, ಇನ್ನೊಂದು ಹಿಂಡಿನದು. ಊರಲ್ಲಿ ಮಾತಾಡುವಾಗ ಇವೆರಡೂ ಕಲಸಿಹೋಗುತ್ತವೆ. "ಇವತ್ತು ಕುರಿ, ನಾಳೆ ಕೂಸು" ಅನ್ನುವವರು ಇದ್ದೇ ಇರುತ್ತಾರೆ. ಹಾಗಾಗಿ ಎರಡನ್ನೂ ಬಿಡಿಸಿ ನೋಡೋಣ, ಮೊದಲು ಮಗಳ ವಿಷಯ.

ಬಹ್ರೈಚ್‌ನಲ್ಲಿ ಆದದ್ದು ಸುಳ್ಳಲ್ಲ. 2024ರಲ್ಲಿ ಉತ್ತರ ಪ್ರದೇಶದ ಆ ಜಿಲ್ಲೆಯಲ್ಲಿ ಹಲವರು ಸತ್ತರು, ಹೆಚ್ಚಿನವರು ಮಕ್ಕಳು. ಅರಣ್ಯ ಇಲಾಖೆ ಐದು ತೋಳಗಳನ್ನು ಹಿಡಿಯಿತು, ಆರನೆಯದನ್ನು ಊರವರೇ ಹೊಡೆದು ಕೊಂದರು. 1996ರಲ್ಲೂ ಅದೇ ರಾಜ್ಯದ ಪೂರ್ವ ಭಾಗದ ಜೌನ್‌ಪುರ, ಪ್ರತಾಪಗಢ, ಸುಲ್ತಾನ್‌ಪುರದ ಕಡೆ ಇಂಥದ್ದೇ ನಡೆದಿತ್ತು. ಆದ್ದರಿಂದ "ತೋಳ ಮನುಷ್ಯರನ್ನು ಮುಟ್ಟುವುದೇ ಇಲ್ಲ" ಎಂದು ನಿಮಗೆ ಸಮಾಧಾನ ಹೇಳಲು ನಾನು ತಯಾರಿಲ್ಲ. ಆದರೆ ಆ ಸಾವುಗಳು ಯಾವ ಸ್ಥಿತಿಯಲ್ಲಿ ಆದವು ಎಂಬುದನ್ನೂ ನೋಡಬೇಕು. ಜನದಟ್ಟಣೆ ವಿಪರೀತ, ತೋಳಕ್ಕೆ ತಿನ್ನಲು ಕಾಡುಪ್ರಾಣಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಬಾಗಿಲಿಲ್ಲದ ಮನೆಗಳು, ಅಂಗಳದಲ್ಲಿ ಮಲಗುವ ಮಕ್ಕಳು. ಇದ್ದ ನಾಲ್ಕು ಆಡುಗಳನ್ನು ಒಳಗೆ ಕಟ್ಟಿ ಕದ ಹಾಕುತ್ತಾರೆ, ಮಕ್ಕಳು ಹೊರಗೆ ಮಲಗುತ್ತವೆ. ಬಡತನ ಎಂಥ ಲೆಕ್ಕ ಹಾಕಿಸುತ್ತದೆ ನೋಡಿ.

ನಮ್ಮ ಕಡೆ ತೋಳ ಹೊಸ ಪ್ರಾಣಿಯಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಬಯಲು, ಕುರುಚಲು ಗುಡ್ಡ, ಹಳ್ಳದ ದಂಡೆಗಳಲ್ಲಿ ನಮ್ಮ ಅಜ್ಜಂದಿರ ಕಾಲದಿಂದಲೂ ಇದೆ, ಕುರಿಗಾರರ ಹಿಂದೆ ಹಿಂದೆಯೇ ಬದುಕಿದೆ. ಪಶುವೈದ್ಯನಾಗಿ ಚಿಂಚೋಳಿ, ಸೇಡಂ, ಚಿತ್ತಾಪುರದಲ್ಲಿ ಕೆಲಸ ಮಾಡಿದ ಅಷ್ಟೂ ವರ್ಷಗಳಲ್ಲಿ ತೋಳ ತಿಂದ ಕುರಿಗಳ ಪಂಚನಾಮೆಗೆ ಎಷ್ಟೋ ಸಲ ಹೋಗಿದ್ದೇನೆ. ತೋಳ ಮಗುವನ್ನು ಹೊತ್ತೊಯ್ದದ್ದಕ್ಕೆ ನನ್ನನ್ನು ಯಾರೂ ಕರೆದಿಲ್ಲ. ಮರಿ ಇರುವ ತೋಳ ಕೂಡ ಮನುಷ್ಯ ಹತ್ತಿರ ಬಂದರೆ ಮೊದಲು ಮಾಡುವ ಕೆಲಸ ದೂರ ಸರಿದು ನಿಂತು ನೋಡುವುದು. ಬಿಲದ ಮುಂದೆ ನಿಂತು ಹುಲಿಯ ಹಾಗೆ ಮೈಮೇಲೆ ಬರುವ ಜಾತಿ ಅಲ್ಲ ಅದು. ನಮ್ಮ ತೋಳದ ತೂಕ ಹದಿನೇಳರಿಂದ ಇಪ್ಪತ್ತೈದು ಕಿಲೊ, ಅಷ್ಟೇ.

ನಿಜವಾದ ಅಪಾಯ ಬೇರೆಯೇ ಇದೆ, ಅದನ್ನು ಊರಲ್ಲಿ ಯಾರೂ ಮಾತಾಡುವುದಿಲ್ಲ: ಹುಚ್ಚು, ಅಂದರೆ ರೇಬಿಸ್. ಹುಚ್ಚುನಾಯಿ ಕಡಿದ ತೋಳಕ್ಕೂ ಹುಚ್ಚು ಹಿಡಿಯುತ್ತದೆ. ಅಂಥದ್ದು ಹಾಡಹಗಲೇ ಒಂಟಿಯಾಗಿ ಊರೊಳಗೆ ನುಗ್ಗುತ್ತದೆ, ಕೂಗಿದರೂ ಕಲ್ಲೆಸೆದರೂ ಹೆದರುವುದಿಲ್ಲ, ಎದುರಿಗೆ ಸಿಕ್ಕವರನ್ನೆಲ್ಲ ಮುಖ, ಕೈ ನೋಡದೆ ಕಚ್ಚುತ್ತಾ ಹೋಗುತ್ತದೆ. ಹಾಗೆ ಕಚ್ಚಿದರೆ ಸುಣ್ಣ, ಅರಿಶಿನ, ಖಾರದಪುಡಿ ಏನೂ ಬೇಡ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಚುಚ್ಚುಮದ್ದು ಕೂಡ ಬೇಕು. ಡಾಕ್ಟರು ಮರೆತರೆ ನೀವೇ ಕೇಳಿ. ಇದಕ್ಕೆ ಮುಂಚಿನ ಕೆಲಸ ನಿಮ್ಮ ಕೈಯಲ್ಲೇ ಇದೆ. ನಿಮ್ಮ ಹಿಂಡಿನ ನಾಯಿಗೆ ಪ್ರತಿ ವರ್ಷ ಹುಚ್ಚಿನ ಲಸಿಕೆ ಹಾಕಿಸಿ.

ಮಗಳು ಸಾಲಿಗೆ ಹೋಗುವುದನ್ನು ನಿಲ್ಲಿಸಬೇಡಿ. ಈ ಎರಡು ತಿಂಗಳು ಒಂಟಿಯಾಗಿ ಕಳಿಸಬೇಡಿ, ಅಷ್ಟೇ. ನಾಲ್ಕು ಮಕ್ಕಳು, ಜೊತೆಗೊಬ್ಬರು ದೊಡ್ಡವರು ಇರಲಿ, ಬೆಳಕಿದ್ದಾಗ ಹೋಗಿ ಬೆಳಕಿದ್ದಾಗಲೇ ಬರಲಿ. ಖಣಿಯ ಅಂಚಿಗೆ ಹೋಗಿ ಇಣುಕುವುದು ಬೇಡ. ತೋಳ ಎದುರಾದರೆ ಓಡಬಾರದು. ಮುಖ ಕೊಟ್ಟು ನಿಂತು, ಜೋರಾಗಿ ಕೂಗುತ್ತಾ ಹಿಂದೆ ಹಿಂದೆ ಸರಿಯಬೇಕು. ಇದನ್ನು ಮಗಳಿಗೆ ಅಂಗಳದಲ್ಲಿ ಆಟದ ಹಾಗೆ ಮಾಡಿ ತೋರಿಸಿ. ನನಗೆ ನಿಮ್ಮ ಮಗಳಿಗಿಂತ ಹೆಚ್ಚು ಚಿಂತೆ ರಾಶಿಗೆ, ಕಬ್ಬು ಕಡಿಯಲು ಹೊರಗಿನಿಂದ ಬಂದು ಹೊಲದಲ್ಲೇ ಗುಡಿಸಲು ಹಾಕಿರುವ ಕೂಲಿಯವರ ಕೂಸುಗಳದು. ಜಾಲಿ ಮರಕ್ಕೆ ಜೋಳಿಗೆ ಕಟ್ಟಿ ಕೂಸು ಮಲಗಿಸಿ ದೂರದ ಸಾಲಿನಲ್ಲಿ ಕೆಲಸ ಮಾಡುತ್ತಿರುತ್ತಾರೆ. ಅದು ತೋಳಕ್ಕಿಂತ ಮೊದಲು ಬೀದಿನಾಯಿಗೆ ಅವಕಾಶ. ಅವರಿಗೆ ಒಂದು ಮಾತು ಹೇಳಿ. ರಾತ್ರಿ ಅವರ ಮಕ್ಕಳು ಗುಡಿಸಲಿನ ಒಳಗೆ, ದೊಡ್ಡವರ ನಡುವೆ ಮಲಗಲಿ.

ಇನ್ನು, ಅದು ತೋಳವೇ? ನಿಮ್ಮ ಫೋಟೊದಲ್ಲಿ ಹಳ್ಳದ ಕೆಸರಿನಲ್ಲಿ ಕಡ್ಡಿಪೆಟ್ಟಿಗೆ ಇಟ್ಟು ತೆಗೆದ ಹೆಜ್ಜೆ ಇದೆ. ಕಡ್ಡಿಪೆಟ್ಟಿಗೆ ಇಟ್ಟದ್ದು ಬಹಳ ಒಳ್ಳೆಯದಾಯಿತು, ಅಳತೆ ಸಿಕ್ಕಿತು. ನಾಲ್ಕು ಬೆರಳು, ಉಗುರಿನ ಗುರುತು, ನರಿಯದಕ್ಕಿಂತ ಎಷ್ಟೋ ದೊಡ್ಡದು. ಆದರೆ ಒಂದೇ ಹೆಜ್ಜೆ ನೋಡಿ ತೋಳ, ದೊಡ್ಡ ನಾಯಿ ಎಂದು ಬೇರೆ ಮಾಡುವುದು ಕಷ್ಟ. ನನ್ನನ್ನು ಒಪ್ಪಿಸಿದ್ದು ಎರಡನೇ ಫೋಟೊ, ಅಂದರೆ ಹೆಜ್ಜೆಗಳ ಸಾಲು. ನಾಯಿ ಅಲ್ಲಿ ಮೂಸಿ, ಇಲ್ಲಿ ತಿರುಗಿ ಸೊಟ್ಟಂಬಟ್ಟ ನಡೆಯುತ್ತದೆ. ತೋಳ ಎಲ್ಲಿಗೋ ಹೊರಟಾಗ ನೇರ ಗೆರೆ ಎಳೆದ ಹಾಗೆ ಓಡುತ್ತದೆ, ಹಿಂಗಾಲು ಹೆಚ್ಚುಕಡಿಮೆ ಮುಂಗಾಲಿನ ಹೆಜ್ಜೆಯ ಮೇಲೆಯೇ ಬೀಳುತ್ತದೆ. ಕತ್ತೆಕಿರುಬ ಆಗಿದ್ದರೆ ಮುಂದಿನ ಹೆಜ್ಜೆ ಹಿಂದಿನದಕ್ಕಿಂತ ಎದ್ದು ಕಾಣುವಷ್ಟು ದೊಡ್ಡದಿರುತ್ತಿತ್ತು, ಹತ್ತಿರದಲ್ಲಿ ಎಲುಬು ತಿಂದು ಬೆಳ್ಳಗಾದ ಲದ್ದಿ ಕಾಣುತ್ತಿತ್ತು. ಮುಂದಿನ ಸಲ ಕಂಡಾಗ ಬಾಲ ನೋಡಿ: ತೋಳದ ಬಾಲ ಕೆಳಗೆ ನೇರ ಇಳಿದಿರುತ್ತದೆ, ತುದಿ ಕಪ್ಪು, ನಮ್ಮ ಊರನಾಯಿಯ ಹಾಗೆ ಮೇಲೆ ಸುರುಳಿ ಸುತ್ತುವುದಿಲ್ಲ. ಉದ್ದ ಕಾಲು, ಒಣಹುಲ್ಲಿನ ಬಣ್ಣದ ಮೈ.

ಇಷ್ಟು ದಿನ ಕಾಣದ್ದು ಈಗಲೇ ಯಾಕೆ ಕಂಡಿತು ಎಂದರೆ, ಅದಕ್ಕೆ ಕಾರಣ ತೋಳವಲ್ಲ, ತೊಗರಿ. ಮಳೆಗಾಲದಿಂದ ಡಿಸೆಂಬರ್ ತನಕ ಆಳೆತ್ತರದ ತೊಗರಿಯೇ ಅದಕ್ಕೆ ಕಾಡು. ಹಗಲು ಸಾಲಿನ ನಡುವೆ ಮಲಗಿದ್ದರೆ ಹತ್ತು ಮಾರು ದೂರದಲ್ಲಿ ಕಳೆ ತೆಗೆಯುವವರಿಗೂ ಗೊತ್ತಾಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀವೆಲ್ಲ ಒಂದೇ ಸಲ ಕೊಯ್ದು ರಾಶಿ ಮಾಡುತ್ತೀರಿ. ನೆಲ ಬೋಳಾಗುತ್ತದೆ. ತೋಳಗಳು ಮರಿ ಹಾಕುವ ಹಂಗಾಮೂ ಸರಿಯಾಗಿ ಅದೇ. ಎಲ್ಲ ಕಡೆ ಬಯಲಾದಾಗ ಮರೆ ಉಳಿಯುವುದು ಹಳ್ಳದ ದಂಡೆಯಲ್ಲಿ, ಬಂಡೆ ಸಂದಿಯಲ್ಲಿ; ಚಿತ್ತಾಪುರ, ಶಹಾಬಾದ್, ಸೇಡಂ ಭಾಗದಲ್ಲಾದರೆ ಹಾಳುಬಿದ್ದ ಖಣಿಗಳಲ್ಲಿ, ಚಪ್ಪಡಿ ತೆಗೆದು ಬಿಸಾಡಿದ ಕಲ್ಲುಗುಡ್ಡೆಗಳ ಅಡಿಯಲ್ಲಿ. ಒಳಗೆ ತಂಪು, ಬಾಯಿ ಸಣ್ಣದು, ಮೇಲೆ ನಿಂತರೆ ಇಡೀ ಬಯಲು ಕಾಣುತ್ತದೆ. ತೋಳ ನಿಮ್ಮ ಊರಿಗೆ ಬಂದದ್ದಲ್ಲ, ಇದ್ದದ್ದು ಈಗ ಕಂಡಿತು.

ಮರಿ ಹುಟ್ಟಿದಾಗ ಕಡುಗಂದು ಬಣ್ಣ, ಕಣ್ಣು ಮುಚ್ಚಿರುತ್ತದೆ, ಹತ್ತು ಹನ್ನೆರಡು ದಿನಕ್ಕೆ ಬಿಡುತ್ತದೆ. ಮೂರು ನಾಲ್ಕು ವಾರಕ್ಕೆ ಬಿಲದ ಬಾಯಿಗೆ ಬಂದು ಆಡುತ್ತದೆ. ನೀವು ಕಂಡವು ಬೆಕ್ಕಿನಷ್ಟಿದ್ದು, ಹೊರಗೆ ಆಡುತ್ತಿದ್ದವು ಅಂದರೆ ತಿಂಗಳ ಆಸುಪಾಸು. ಎಂಟು ಹತ್ತು ವಾರಕ್ಕೆ ತೋಳಗಳು ಬಿಲ ಬಿಟ್ಟು ಮರಿಗಳನ್ನು ಕರೆದುಕೊಂಡು ಹೊರಡುತ್ತವೆ. ಅಂದರೆ ನಿಮ್ಮ ಈ ಕಷ್ಟಕ್ಕೆ ಇನ್ನು ಆರು ವಾರದ ಆಯುಷ್ಯ. ಈ ದಿನಗಳಲ್ಲಿ ಸಾಕುವುದು ತಾಯಿ ಒಂದೇ ಅಲ್ಲ. ತಂದೆ, ಕಳೆದ ವರ್ಷದ ಮರಿಗಳಿದ್ದರೆ ಅವೂ ಬೇಟೆಗೆ ಹೋಗಿ, ಹೊಟ್ಟೆ ತುಂಬ ತಿಂದು ಬಂದು, ಮರಿಗಳು ಬಾಯಿ ನೆಕ್ಕಿದ ಕೂಡಲೇ ಕಕ್ಕಿ ಉಣಿಸುತ್ತವೆ. ಹಾಗಾಗಿ ಒಂದು ಕುರಿಮರಿ ಹೊತ್ತುಕೊಂಡು ಓಡುವುದು ಅವಕ್ಕೆ ಬಹಳ ಅನುಕೂಲ. ಬಿಲದಲ್ಲಿ ಐದು ಬಾಯಿ ಕಾಯುತ್ತಿರುವಾಗ ನಿಮ್ಮ ಹಿಂಡಿನಲ್ಲಿ ಎಳೆಮರಿಗಳಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ಆದರೂ ಆ ದೊಡ್ಡ ಕುರಿಯ ಬಗ್ಗೆ ನನಗೆ ಅನುಮಾನ. ಹೊಟ್ಟೆ ಹರಿದಿತ್ತು ಅಂದಿರಿ, ಕುತ್ತಿಗೆಯ ಬಗ್ಗೆ ಏನೂ ಬರೆದಿಲ್ಲ. ಪಂಚನಾಮೆಗೆ ಹೋದಾಗ ನಾನು ಮೊದಲು ಮಾಡುವ ಕೆಲಸ ಗಂಟಲ ಮೇಲಿನ ಉಣ್ಣೆ ಕತ್ತರಿಸಿ, ಚರ್ಮ ಬಿಡಿಸಿ ಒಳಗಿನಿಂದ ನೋಡುವುದು. ಹೊರಗೆ ಎರಡು ಸಣ್ಣ ತೂತು ಅಷ್ಟೇ ಕಂಡರೂ, ಜೀವ ಇದ್ದಾಗ ಕಚ್ಚಿದ್ದರೆ ಚರ್ಮದ ಅಡಿ ಅಂಗೈಯಗಲ ನೇರಳೆ ಹಣ್ಣಿನ ಬಣ್ಣಕ್ಕೆ ರಕ್ತ ಹೆಪ್ಪುಗಟ್ಟಿರುತ್ತದೆ. ಸತ್ತ ಮೇಲೆ ಕಚ್ಚಿದ್ದರೆ ತೂತಿರುತ್ತದೆ, ರಕ್ತ ಹರಡಿರುವುದಿಲ್ಲ, ಮಾಂಸ ಬಿಳಚಿಕೊಂಡಿರುತ್ತದೆ. ತೋಳ ದೊಡ್ಡ ಕುರಿಯನ್ನು ಸಾಮಾನ್ಯವಾಗಿ ಗಂಟಲಿಗೆ ಹಿಡಿದು ಕೆಡವುತ್ತದೆ. ಬೀದಿನಾಯಿಗಳ ಗುಂಪು ಹಾಗಲ್ಲ: ಹಿಂದೊಡೆ, ಬಾಲ, ಕಿವಿ ಸಿಕ್ಕಲ್ಲಿ ಎಳೆದಾಡಿ, ಒಂದನ್ನೂ ಸರಿಯಾಗಿ ತಿನ್ನದೆ ನಾಲ್ಕಾರು ಕುರಿ ಗಾಯ ಮಾಡಿ ಹೋಗುತ್ತವೆ. ಇನ್ನೊಂದು ಸಂಗತಿ ಕುರಿಗಾರರು ಒಪ್ಪಿಕೊಳ್ಳುವುದಿಲ್ಲ, ಆದರೂ ಹೇಳುತ್ತೇನೆ. ರಾಶಿ ಆದ ಹೊಲದಲ್ಲಿ ಉದುರಿದ ಕಾಳು ಹೊಟ್ಟೆ ಬಿರಿಯ ತಿಂದ ಗಟ್ಟಿಮುಟ್ಟಾದ ಕುರಿಗಳು ಕರುಳುಬೇನೆ ಬಂದು ರಾತ್ರಿ ಬೆಳಗಾಗುವುದರಲ್ಲಿ ಸಾಯುತ್ತವೆ. ಹೊಟ್ಟೆ ಉಬ್ಬುತ್ತದೆ, ನಾಯಿಯೋ ನರಿಯೋ ಬಂದು ಹರಿಯುತ್ತದೆ, ಬೆಳಿಗ್ಗೆ ಹೆಸರು ತೋಳಕ್ಕೆ. ಕರುಳುಬೇನೆಯ ಲಸಿಕೆ ಹಾಕಿಸಿ ವರ್ಷ ದಾಟಿದ್ದರೆ ಈ ವಾರವೇ ಪಶು ಆಸ್ಪತ್ರೆಗೆ ಹೋಗಿ. ಮರಿಗಳೆರಡು ತೋಳದ ಪಾಲಾದವು ಎಂಬುದನ್ನು ನಾನು ನಂಬುತ್ತೇನೆ, ದೊಡ್ಡ ಕುರಿಯನ್ನು ನಂಬುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಹೊಗೆ ಹಾಕಿ ಬಿಲ ಮುಚ್ಚುವ ಹುಡುಗರನ್ನು ಮೊದಲು ತಡೆಯಿರಿ. ತೋಳ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಕೊಂದರೆ ಮೂರರಿಂದ ಏಳು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು 3,000 ಎಂದು ಅಂದಾಜು. 2022ರ ಲೆಕ್ಕದಲ್ಲಿ ಹುಲಿಗಳೇ 3,682 ಇದ್ದವು. ಕಾಯ್ದೆ ಬದಿಗಿಟ್ಟು ಯೋಚಿಸಿದರೂ ಇದು ಕೆಲಸಕ್ಕೆ ಬಾರದ ಉಪಾಯ. ಮರಿ ಸತ್ತರೂ ದೊಡ್ಡವು ಅಲ್ಲೇ ಇರುತ್ತವೆ, ನಿಮ್ಮ ಹಿಂಡೂ ಅಲ್ಲೇ ಇರುತ್ತದೆ. ಸತ್ತ ಕುರಿಗೆ ಬೆಳೆಗೆ ಹೊಡೆಯುವ ವಿಷದ ಎಣ್ಣೆ ಸುರಿದಿಡುವುದು ಇದಕ್ಕಿಂತ ಕೆಟ್ಟದ್ದು. ಅದನ್ನು ಮೊದಲು ತಿಂದು ಸಾಯುವುದು ಸಾಮಾನ್ಯವಾಗಿ ಹಿಂಡು ಕಾಯುವ ನಾಯಿ, ಆಮೇಲೆ ಹದ್ದು, ಕಾಗೆ, ಕೊನೆಗೆ ಎಲ್ಲೋ ತೋಳ.

ಅರಣ್ಯ ಇಲಾಖೆಯವರು ಹಿಡಿದು ಬೇರೆ ಕಡೆ ಬಿಡಲಿ ಎಂದು ಹಲವರು ಅರ್ಜಿ ಕೊಡುತ್ತಾರೆ. ಚಿಂಚೋಳಿ ಅಭಯಾರಣ್ಯವೇ ಇದೆಯಲ್ಲ, ಅಲ್ಲಿ ಬಿಡಬಾರದೇ ಎನ್ನುತ್ತಾರೆ. ಮೊದಲ ಅನುಸೂಚಿಯ ಪ್ರಾಣಿಯನ್ನು ಹಿಡಿಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು, ಎರಡು ಕುರಿಮರಿ ಹೋದದ್ದಕ್ಕೆ ಅದು ಸಿಗುವುದಿಲ್ಲ, ಸಿಗಲೂಬಾರದು. ತೋಳ ದಟ್ಟ ಕಾಡಿನ ಪ್ರಾಣಿಯಲ್ಲ, ಬಯಲಿನದು. ಹಾಲೂಡಿಸುವ ತಾಯಿಯನ್ನು ಹಿಡಿದರೆ ಮರಿ ಉಪವಾಸ ಸಾಯುತ್ತವೆ. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ತೋಳ ಅಲ್ಲಿ ಬೇರೆಯವರ ಕುರಿ ಹುಡುಕುತ್ತದೆ. ಹೆಣ್ಣುತೋಳ ಬಿಟ್ಟುಹೋದ ಜಾಗಕ್ಕೆ ಇನ್ನೊಂದು ಜೋಡಿ ಬರುವುದಕ್ಕೂ ಬಹಳ ದಿನ ಬೇಕಿಲ್ಲ.

ಉಳಿಯುವುದು ಬಿಲದ ತಂಟೆಗೆ ಹೋಗದೆ ಹಿಂಡನ್ನು ಭದ್ರ ಮಾಡಿಕೊಳ್ಳುವುದು. ಇದರಲ್ಲೂ ಖರ್ಚಿದೆ, ನಿದ್ದೆಗೆಡಬೇಕು, ಇಷ್ಟು ಮಾಡಿಯೂ ಒಂದು ಮರಿ ಹೋಗಬಹುದು. ಖಣಿಯ ಕಡೆಗೆ ಮೇಯಿಸಲು ಒಯ್ಯಬೇಡಿ, ಮುನ್ನೂರು ನಾನೂರು ಮೀಟರ್ ದೂರ ಇರಲಿ. ರಾತ್ರಿ ಹಿಂಡು ನಿಲ್ಲಿಸುವಾಗ ನೈಲಾನ್ ಬಲೆ ಕಟ್ಟುತ್ತೀರಲ್ಲ, ಸಮಸ್ಯೆ ಇರುವುದು ಅದರ ಮೇಲಲ್ಲ, ಕೆಳಗೆ. ತೋಳ ಹಾರುವುದಕ್ಕಿಂತ ಹೆಚ್ಚಾಗಿ ಬಲೆಯ ಅಡಿ ನುಸುಳಿ ಬರುತ್ತದೆ, ಇಲ್ಲವೇ ಹೊರಗಿನಿಂದ ಹೆದರಿಸಿ ಕುರಿಗಳು ಬಲೆ ಕೆಡವಿ ಚದುರುವಂತೆ ಮಾಡುತ್ತದೆ. ಹೊಲದಲ್ಲಿ ಖಣಿಯ ಚಪ್ಪಡಿ ಬೇಕಾದಷ್ಟಿದೆ, ಬಲೆಯ ಬುಡಕ್ಕೆ ಸುತ್ತಲೂ ಹೇರಿ. ಬಲೆಯ ಹೊರಗೆ ಒಂದು ಮಾರು ಬಿಟ್ಟು ಬಳ್ಳಾರಿ ಜಾಲಿಯ ಮುಳ್ಳು ಹಾಕಿ. ಎಳೆಮರಿಗಳನ್ನು ಬಲೆಯ ನಡುವೆ ಬುಟ್ಟಿ ಕವುಚಿ, ಮೇಲೆ ಕಲ್ಲು ಹೇರಿ ಮುಚ್ಚಿಡುವುದು ನಿಮ್ಮತ್ತೆಗೆ ಗೊತ್ತಿರುತ್ತದೆ, ಹಳೆಯ ಕುರಿಗಾರರ ರೂಢಿ ಅದು, ಈಗ ಬಿಟ್ಟುಹೋಗುತ್ತಿದೆ. ಸಾಧ್ಯವಾದರೆ ಆರು ವಾರ ಮರಿಗಳನ್ನು ಮನೆಯ ಹತ್ತಿರ ಕೊಟ್ಟಿಗೆಯಲ್ಲೇ ಹಾಕಿ.

ಮಿಣುಕುವ ಸೋಲಾರ್ ದೀಪ, ಪಟಾಕಿ, ರೇಡಿಯೊ ಎಲ್ಲವೂ ಕೆಲಸ ಮಾಡುತ್ತವೆ, ಮೊದಲ ಕೆಲವು ದಿನ. ಒಂದೇ ಜಾಗದಲ್ಲಿ ಇಟ್ಟರೆ ತೋಳಕ್ಕೆ ಅಭ್ಯಾಸವಾಗುತ್ತದೆ, ಜಾಗ ಬದಲಿಸುತ್ತಿರಬೇಕು. ಇವೆಲ್ಲಕ್ಕಿಂತ ಒಳ್ಳೆಯದು ಎಚ್ಚರ ಇರುವ ಎರಡು ನಾಯಿ, ಹಿಂಡಿನ ಪಕ್ಕ ಮಲಗುವ ಒಬ್ಬ ಮನುಷ್ಯ. ಸತ್ತ ಕುರಿ, ಕೋಳಿ ಅಂಗಡಿಯ ಕಸ ಖಣಿಗೆ ಎಸೆಯುವ ಪದ್ಧತಿ ನಿಮ್ಮೂರಲ್ಲೂ ಇದ್ದರೆ ಅದನ್ನು ನಿಲ್ಲಿಸದೆ ಬೇರೇನು ಮಾಡಿದರೂ ಪ್ರಯೋಜನವಿಲ್ಲ. ನಾಯಿ, ನರಿ, ತೋಳ ಮೂರಕ್ಕೂ ಊಟದ ಕರೆ ಕೊಟ್ಟಂತೆ ಅದು.

ತೋಳ ಇದ್ದರೆ ಕಾಡುಹಂದಿ, ಚಿಗರಿ ಕಾಟ ಕಡಿಮೆ ಆಗುತ್ತದೆ, ರೈತನಿಗೆ ಲಾಭ ಎಂದು ಕೆಲವರು ಭಾಷಣ ಮಾಡುತ್ತಾರೆ. ಹಂದಿಮರಿ, ಚಿಗರಿ, ಮೊಲ, ಇಲಿ ತಿನ್ನುತ್ತದೆ, ನಿಜ. ಆದರೆ ಕುರಿ ಕಳೆದುಕೊಂಡವರ ಮುಂದೆ ಆ ಲೆಕ್ಕ ಇಡಲು ನನಗೆ ಮನಸ್ಸಾಗುವುದಿಲ್ಲ. ಕುರಿಯ ಲೆಕ್ಕ ಪರಿಹಾರದಲ್ಲಿ ಸಿಗಬೇಕು. ವನ್ಯಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಕುರಿ ಸತ್ತಲ್ಲೇ ಬಿಡಿ, ಎಳೆದು ಹಾಕಬೇಡಿ, ಚರ್ಮ ಸುಲಿಯಬೇಡಿ. ಮೊಬೈಲಿನಲ್ಲಿ ಗಂಟಲು, ಗಾಯ, ಸುತ್ತಲಿನ ಹೆಜ್ಜೆಗಳ ಫೋಟೊ ತೆಗೆದು ಅವತ್ತೇ ಅರಣ್ಯ ಗಾರ್ಡಿಗೆ, ಇಲ್ಲವೇ 1926ಕ್ಕೆ ಫೋನ್ ಮಾಡಿ. ಪಶುವೈದ್ಯರ ಮರಣೋತ್ತರ ವರದಿ, ಪಂಚನಾಮೆ ಎರಡೂ ಬೇಕಾಗುತ್ತವೆ. ತೋಳ ಕುರಿಮರಿಯನ್ನೇ ಹೊತ್ತೊಯ್ದಾಗ ಹೆಣವೇ ಇರುವುದಿಲ್ಲ, ಆಗ ಪರಿಹಾರ ಸಿಗುವುದು ಕಷ್ಟ. ಅದಕ್ಕೇ ರಕ್ತ ಬಿದ್ದ ಜಾಗ, ಎಳೆದ ಗುರುತು, ಉಣ್ಣೆಯ ಚೂರು ಏನು ಸಿಕ್ಕರೂ ಫೋಟೊ ಇರಲಿ. ಫೋನ್ ಮಾಡಿದಾಗಲೇ ಬಿಲದ ಜಾಗವನ್ನೂ ತಿಳಿಸಿಬಿಡಿ. ಗಾರ್ಡು ಒಂದು ಸಲ ಬಂದು ನಿಂತು ಹೋದರೆ ರೀಲ್ಸ್ ಮಾಡಲು ಖಣಿಗೆ ಇಳಿಯುವ ಹುಡುಗರು ತಾವಾಗಿಯೇ ಹಿಂದೆ ಸರಿಯುತ್ತಾರೆ.

ನಿಮ್ಮತ್ತೆಯ ಮಾತಿಗೆ ಬರೋಣ. ಮರಿ ಮುಟ್ಟಿದವರ ಮನೆ ಹುಡುಕಿಕೊಂಡು ತೋಳ ಸೇಡಿಗೆ ಬರುವುದಿಲ್ಲ. ಮನುಷ್ಯರ ವಾಸನೆ ಬಂದರೆ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ಇನ್ನೊಂದು ಮಾತೂ ನಿಜವಲ್ಲ. ಆಗುವುದೇನೆಂದರೆ, ಜನ ಬಂದು ಹೋದದ್ದು ಗೊತ್ತಾದರೆ ತಾಯಿ ಅದೇ ರಾತ್ರಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಇನ್ನೊಂದು ಬಿಲಕ್ಕೆ ಸಾಗಿಸುತ್ತದೆ. ಆ ಇನ್ನೊಂದು ಬಿಲ ನಿಮ್ಮ ಹೊಲಕ್ಕೆ ಇನ್ನೂ ಹತ್ತಿರದ್ದಾಗಿರಬಹುದು. ಅತ್ತೆಯವರ ಕಾರಣ ತಪ್ಪಿದ್ದರೂ ಮುಟ್ಟಬಾರದು ಅನ್ನುವ ಮಾತು ಮಾತ್ರ ಸರಿ. ಹೊಲದಲ್ಲಿ ಒಂಟಿ ಮರಿ ಕಂಡರೆ "ತಾಯಿ ಬಿಟ್ಟುಹೋಗ್ಯದ" ಎಂದು ಎತ್ತಿಕೊಂಡು ಬರಬೇಡಿ. ಹೆಚ್ಚಾಗಿ ತಾಯಿ ಇನ್ನೊಂದನ್ನು ಇಟ್ಟು ಬರಲು ಹೋಗಿರುತ್ತದೆ.

ಮೈದುನನಿಗೆ ಹೇಳಿ: ಕುರಿ ಕಾಯಲು ತೋಳನನ್ನು ನೇಮಿಸಿದರಂತೆ ಎಂಬ ಗಾದೆಯನ್ನು ಅವರು ನಿಜ ಮಾಡಲು ಹೊರಟಿದ್ದಾರೆ. ಮನೆಯಲ್ಲಿ ಇಟ್ಟುಕೊಂಡರೆ ಅದೇ ಕಾಯ್ದೆಯಡಿ ಕೇಸು. ಸಾಕಿದ ತೋಳ ವರ್ಷ ತುಂಬುವ ಹೊತ್ತಿಗೆ ನಾಯಿಯಾಗುವುದಿಲ್ಲ, ಮನುಷ್ಯರ ಹೆದರಿಕೆ ಕಳೆದುಕೊಂಡ ತೋಳ ಆಗುತ್ತದೆ. ಒಂಟಿ ತೋಳಗಳು ಊರನಾಯಿಗಳ ಜೊತೆ ಕೂಡುವುದೂ ಉಂಟು. ಪುಣೆಯ ಹತ್ತಿರ ಅಂಥ ಮಿಶ್ರ ಸಂತಾನ ವಂಶವಾಹಿ ಪರೀಕ್ಷೆಯಲ್ಲೇ ಖಚಿತವಾಗಿದೆ.

ಮಾರ್ಚ್ ಕೊನೆಗೆ ಖಣಿ ಖಾಲಿಯಾಗುತ್ತದೆ. ಒಳ್ಳೆಯ ಬಿಲ ಸಿಕ್ಕರೆ ತೋಳಗಳು ಮುಂದಿನ ವರ್ಷ ಅಲ್ಲಿಗೇ ಮರಳುವುದುಂಟು. ಸಾಲಿಯ ದಾರಿಯ ಪಕ್ಕದಲ್ಲೇ ಅದು ಬೇಡ ಅನಿಸಿದರೆ, ನವೆಂಬರಿಗೆ ಮುಂಚೆ ವಲಯ ಅರಣ್ಯಾಧಿಕಾರಿಗೆ ಪಂಚಾಯಿತಿಯ ಮೂಲಕ ಒಂದು ಅರ್ಜಿ ಕೊಡಿ, ಅವರು ಬಂದು ನೋಡಿ ನಿರ್ಧರಿಸಲಿ. ಖಾಲಿ ಇದೆ ಎಂದು ನೀವೇ ಕಲ್ಲು ತುಂಬಬೇಡಿ. ತೋಳ ಬಿಟ್ಟ ಸಂದಿಯಲ್ಲಿ ಬೇಸಿಗೆಗೆ ಮುಳ್ಳುಹಂದಿ, ಉಡ ಸೇರಿಕೊಂಡಿರುತ್ತವೆ, ಕಲ್ಲು ಎತ್ತಲು ಹಾಕಿದ ಕೈಗೆ ನಾಗರಹಾವೂ ಸಿಗಬಹುದು.